2013ರಲ್ಲಿ ಹುಟ್ಟಿದ ಆಟ ಅಲ್ಲ ಕಣೆ ಇದು!

ಬೆಂಗಳೂರಿನ ಫುಟ್‌ಬಾಲ್ ಇತಿಹಾಸ ಹುಡುಕಿಕೊಂಡು ಒಂದು ಭಾನುವಾರ ದೊಡ್ಡಪ್ಪನ ಜತೆ ನಡೆದ ಕಥೆ ಇದು. ದಾರಿ ಶುರುವಾಗೋದು ದೂರವಾಣಿನಗರದಲ್ಲಿ. ಮುಗಿಯೋದು ಕಡಹಿನಬೈಲಿನ ಒಂದು ಅಡಿಕೆ ತೋಟದಲ್ಲಿ.

ಜಗಳ ಶುರುವಾಗಿದ್ದು ನನ್ನ ಟೀ ಶರ್ಟಿನಿಂದ.

ಅವತ್ತು ದೊಡ್ಡಪ್ಪನ ಮನೆಗೆ ಸಾಮಾನು ಕಟ್ಟೋಕೆ ಹೋಗಿದ್ದೆ. ಐವತ್ತು ವರ್ಷ ಬೆಂಗಳೂರಲ್ಲಿದ್ದು, ದೊಡ್ಡಮ್ಮ ತೀರಿಕೊಂಡ ಮೇಲೆ ಒಬ್ಬರೇ ಆಗಿ, ಕೊನೆಗೆ ಊರಿಗೇ ವಾಪಸ್ ಹೋಗೋದು ಅಂತ ತೀರ್ಮಾನ ಮಾಡಿದ್ದರು. ಊರು ಅಂದರೆ ಕಡಹಿನಬೈಲು. ನರಸಿಂಹರಾಜಪುರ ತಾಲ್ಲೂಕು, ಭದ್ರಾ ಹಿನ್ನೀರಿನ ಸೀಮೆ. ರಟ್ಟಿನ ಡಬ್ಬಗಳ ಮಧ್ಯೆ ಕೂತಿದ್ದ ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಅದೆಂತ ಮಾರಾಯ್ತಿ, ನೀಲಿ ಬಟ್ಟೆ?’

‘ಬಿಎಫ್‌ಸಿ ಜೆರ್ಸಿ ದೊಡ್ಡಪ್ಪ. ನಮ್ಮ ಬೆಂಗಳೂರು ಫುಟ್‌ಬಾಲ್ ಟೀಮು.’

‘ಯಾವಾಗ ಹುಟ್ಟಿದ್ದು?’

‘2013ರಲ್ಲಿ.’

‘ಹಾಗಾದ್ರೆ ಅದಕ್ಕೂ ಮುಂಚೆ ಬೆಂಗಳೂರಲ್ಲಿ ನಾವೆಲ್ಲ ಎಂತ ಆಡ್ತಿದ್ವಿ? ಗೋಲಿನಾ?’

ನನಗೆ ನಗು ಬಂತು. ಅವರು ನಗಲಿಲ್ಲ. ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕಲ್ಲಿ ನಿಂತು ಗಂಟಲು ಹರಿಯೋ ಹಾಗೆ ಕೂಗಿದವಳು ನಾನು. ಈ ಊರಿನ ಫುಟ್‌ಬಾಲ್ ಬಗ್ಗೆ ನನಗೆ ಯಾರೂ ಹೇಳಿಕೊಡೋದು ಬೇಕಿಲ್ಲ ಅಂದುಕೊಂಡಿದ್ದೆ. ದೊಡ್ಡಪ್ಪನಿಗೆ ಫುಟ್‌ಬಾಲ್ ಗೊತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಮಾತಿಗೆ ಮಾತು ಬೆಳೆದು, ನನ್ನ ಫೋನಲ್ಲಿದ್ದ ಕೆಲವು ಫೋಟೊ ತೋರಿಸಿದೆ. ಆಫೀಸಿನ ಗೆಳತಿಯೊಬ್ಬಳು ಆನ್‌ಸೈಟ್ ಅಂತ ಸ್ಕಾಟ್ಲೆಂಡಿನ ಗ್ಲಾಸ್ಗೊಗೆ ಹೋದವಳು ಕಳಿಸಿದ್ದು. ಅಲ್ಲಿ ‘ಫುಟ್‌ಬಾಲ್ಸ್ ಸ್ಕ್ವೇರ್ ಮೈಲ್’ ಅಂತ ಒಂದು ನಡಿಗೆಯ ಹಾದಿ ಇದೆ. ಕ್ವೀನ್ಸ್ ಪಾರ್ಕ್ ಅನ್ನೋ ಹಳೇ ಕ್ಲಬ್ಬು ಆಡಿದ ಜಾಗಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಹೋಗಬಹುದು. ಅವರ ಮೊದಲ ಹ್ಯಾಂಪ್ಡೆನ್ ಮೈದಾನ 1873ರದ್ದು. ರೈಲು ಹಳಿ ಹಾಕೋಕೆ ಜಾಗ ಬೇಕು ಅಂದಾಗ ಅದನ್ನು ಬಿಟ್ಟು ಹೋಗಬೇಕಾಯ್ತು. ಈಗ ಅಲ್ಲಿರೋದು ಒಂದು ಬೌಲಿಂಗ್ ಕ್ಲಬ್ಬು. 1882ರಲ್ಲಿ ಅದೇ ಜಾಗದಲ್ಲಿ ಸ್ಕಾಟ್ಲೆಂಡ್ 5-1ರಿಂದ ಇಂಗ್ಲೆಂಡನ್ನು ಸೋಲಿಸಿತ್ತು ಅನ್ನೋದನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದಾರೆ. ಮೈದಾನ ಹೋದರೂ ನೆನಪು ಹೋಗಿಲ್ಲ.

ದೊಡ್ಡಪ್ಪ ಕನ್ನಡಕ ಏರಿಸಿ ಎಲ್ಲ ನೋಡಿದರು. ‘ಚೆನ್ನಾಗಿದೆ. ಆದ್ರೆ ಅಲ್ಲಿಗೆ ಹೋಗೋಕೆ ವೀಸಾ ಬೇಕು. ಹಲಸೂರಿಗೆ ಮೆಟ್ರೊ ಸಾಕು. ಭಾನುವಾರ ಬೆಳಿಗ್ಗೆ ಬಾ’ ಅಂದರು.

ಮೊಣಕಾಲು ನೋವಿನ ಮನುಷ್ಯ. ವಯಸ್ಸು ಎಪ್ಪತ್ತೆರಡು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಅಂದಿದ್ದಾರೆ. ಬೇಡ ಅನ್ನೋಣ ಅಂತ ಬಾಯಿ ತನಕ ಬಂತು. ಆದರೆ ಮುಂದಿನ ತಿಂಗಳು ಇವರು ಊರಿಗೆ ಹೋದರೆ ಆಮೇಲೆ ಕೇಳೋದು ಯಾರನ್ನು ಅಂತ ಸುಮ್ಮನಾದೆ.

ಮೊದಲ ನಿಲ್ದಾಣ: ದೂರವಾಣಿನಗರ

ಕೆ.ಆರ್. ಪುರ ಮೆಟ್ರೊ ನಿಲ್ದಾಣಕ್ಕೆ ಹೋಗೋ ಮೊದಲು ಆಟೊ ನಿಲ್ಲಿಸಿ ಐಟಿಐ ಕಾರ್ಖಾನೆ ಕಡೆ ಕೈ ತೋರಿಸಿದರು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಶುರುವಾಗಿದ್ದು. ಸ್ವಾತಂತ್ರ್ಯ ಬಂದ ಮೇಲೆ ದೇಶದ ಮೊದಲ ಸಾರ್ವಜನಿಕ ಉದ್ದಿಮೆ. ನಮ್ಮ ಅಜ್ಜಿ ಮನೆಯಲ್ಲಿದ್ದಂಥ ಕಪ್ಪು ಡಯಲ್ ಫೋನುಗಳು ತಯಾರಾಗುತ್ತಿದ್ದ ಜಾಗ. ದೊಡ್ಡಪ್ಪ 1975ರಲ್ಲಿ ಕೆಲಸಕ್ಕೆ ಸೇರಿದ್ದು ಇಲ್ಲಿಗೇ.

‘ಇದೆಂತಕ್ಕೆ ಫುಟ್‌ಬಾಲ್ ದಾರಿಯಲ್ಲಿ ಬರುತ್ತೆ?’ ಅಂತ ಕೇಳಿದೆ.

‘ಫೆಡರೇಷನ್ ಕಪ್ ಅಂತ ಒಂದಿತ್ತು, ಗೊತ್ತಾ? ದೇಶದ ಕ್ಲಬ್ಬುಗಳಿಗೆಲ್ಲ ಸೇರಿಸಿ ಮಾಡಿದ ಟೂರ್ನಿ. 1977ರಲ್ಲಿ ಮೊದಲ ಸಲ ನಡೀತು, ಕೊಚ್ಚಿಯಲ್ಲಿ. ಫೈನಲ್ಲಿಗೆ ಬಂದಿದ್ದು ಕಲ್ಕತ್ತಾದ ಮೋಹನ್ ಬಗಾನ್. ಎದುರಿಗೆ ಯಾರು?’

ಸುಮ್ಮನಿದ್ದೆ.

‘ನಮ್ಮ ಕಾರ್ಖಾನೆ! 1-0. ಫೋನ್ ಮಾಡೋರು ಗೆದ್ದರು.’

ಆ ಕಾಲದಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳಿಗೆ ಸ್ವಂತ ತಂಡಗಳಿದ್ದವು. ಚೆನ್ನಾಗಿ ಆಡೋ ಹುಡುಗನಿಗೆ ಅಲ್ಲೇ ಒಂದು ನೌಕರಿ. ಸಂಬಳ, ಕ್ಯಾಂಟೀನ್ ಊಟ, ಆಟ ಮೂರೂ ಒಂದೇ ಗೇಟಿನೊಳಗೆ. ಈಗಿನ ಹಾಗೆ ಕೋಟಿ ಲೆಕ್ಕದ ಒಪ್ಪಂದ ಇಲ್ಲ. ಕಾಲಿಗೆ ಪೆಟ್ಟಾಗಿ ಆಟ ನಿಂತರೂ ಮನೆಯ ಒಲೆ ಆರುತ್ತಿರಲಿಲ್ಲ. ಬಡವರ ಮನೆ ಮಕ್ಕಳು ಧೈರ್ಯವಾಗಿ ಚೆಂಡಿನ ಹಿಂದೆ ಓಡೋಕೆ ಇದೂ ಒಂದು ಕಾರಣ.

‘ಇನ್ನೊಂದು ಕೇಳು’ ಅಂದರು ದೊಡ್ಡಪ್ಪ. ‘ಅದೇ 1977ರ ಸೆಪ್ಟೆಂಬರಲ್ಲಿ ಪೆಲೆ ಕಲ್ಕತ್ತಾಕ್ಕೆ ಬಂದಿದ್ದ. ಕಾಸ್ಮಾಸ್ ಅಂತ ಅಮೆರಿಕದ ಟೀಮಲ್ಲಿ. ಈಡನ್ ಗಾರ್ಡನ್ಸಲ್ಲಿ ಮೋಹನ್ ಬಗಾನ್ ಜತೆ ಆಟ. 2-2, ಡ್ರಾ. ಪೆಲೆ ಇದ್ದ ತಂಡವನ್ನೇ ತಡೆದು ನಿಲ್ಲಿಸಿದವರನ್ನು ನಾವು ಆ ವರ್ಷ ಸೋಲಿಸಿದ್ವಿ ಅಂತ ಕ್ಯಾಂಟೀನಲ್ಲಿ ಎಷ್ಟು ದಿನ ಹೇಳಿಕೊಂಡು ತಿರುಗಿದ್ವೋ!’

ಈ ‘ನಾವು’ ಅನ್ನೋದನ್ನು ಗಮನಿಸಿ. ದೊಡ್ಡಪ್ಪ ಆ ತಂಡದಲ್ಲಿರಲಿಲ್ಲ. ವೆಸ್ಟ್ ಬ್ಲಾಕಲ್ಲಿ ನಿಂತು ನಾನು ‘ನಾವು ಗೆದ್ವಿ’ ಅನ್ನೋದೂ ಹೀಗೇ ತಾನೆ?

ಎರಡನೇ ನಿಲ್ದಾಣ: ಗೌತಮಪುರ

ನೇರಳೆ ಮಾರ್ಗದ ಮೆಟ್ರೊ ಹತ್ತಿ ಹಲಸೂರಲ್ಲಿ ಇಳಿದೆವು. ಲಿಫ್ಟ್ ಇದೆ, ಮೊಣಕಾಲಿಗೆ ತೊಂದರೆ ಆಗಲಿಲ್ಲ. ಅಲ್ಲಿಂದ ಗಲ್ಲಿಗಳಲ್ಲಿ ನಡೆದು ಗೌತಮಪುರ. ಹಳಬರ ಬಾಯಲ್ಲಿ ಇದು ‘ಗನ್ ಟ್ರೂಪ್’. ಇಲ್ಲಿನ ಬೀದಿಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳಿವೆ. ಅವರ ಜತೆಗೆ ಪೆಲೆಯೂ ಇದ್ದಾನೆ. ಬ್ರೆಜಿಲ್ ದೇಶದ ಪೆಲೆ, ನಮ್ಮ ಹಲಸೂರಲ್ಲಿ!

ವಿಶ್ವಕಪ್ ಬಂದರೆ ಇಲ್ಲಿ ಗೋಡೆಗಳಿಗೆ ಹಳದಿ, ಹಸಿರು ಬಣ್ಣ ಏರುತ್ತೆ. ಬೀದಿಯಲ್ಲೇ ಪರದೆ ಕಟ್ಟಿ ಎಲ್ಲರೂ ಕೂತು ನೋಡ್ತಾರೆ. 2022ರ ಡಿಸೆಂಬರ್ 29ರಂದು ಪೆಲೆ ತೀರಿಕೊಂಡಾಗ ಮನೆಯವರೇ ಹೋದ ಹಾಗೆ ಇಲ್ಲಿನ ಜನ ಪ್ರತಿಮೆಯ ಮುಂದೆ ಸೇರಿದ್ದರು.

ಇದು ಹೇಗೆ ಬಂತು? ಇಲ್ಲಿಗೆ ಕೂಗಳತೆಯಲ್ಲಿ ಬ್ರಿಟಿಷರ ದಂಡು ಇತ್ತು. 1809ರ ಹೊತ್ತಿಗೆ ಶ್ರೀರಂಗಪಟ್ಟಣದಿಂದ ಸೈನ್ಯ ಇಲ್ಲಿಗೆ ಬಂದು ಕಂಟೋನ್ಮೆಂಟ್ ಕಟ್ಟಿತು. ಸಿಪಾಯಿಗಳ ಹಿಂದೆ ಅವರ ಕೆಲಸಗಾರರು, ಅಡುಗೆಯವರು, ದೋಬಿಗಳು, ಕುದುರೆ ನೋಡಿಕೊಳ್ಳೋರು ಬಂದು ಸುತ್ತಮುತ್ತ ನೆಲೆಸಿದರು. ಸಂಜೆ ಬಿಳಿ ಸಿಪಾಯಿಗಳು ಚೆಂಡು ಒದೀತಿದ್ದರೆ ಈ ಮನೆಗಳ ಹುಡುಗರು ಗೆರೆಯಾಚೆ ನಿಂತು ನೋಡುತ್ತಿದ್ದರು. ಆಮೇಲೆ ಹೊರಗೆ ಬಂದ ಚೆಂಡು ಒದ್ದು ಕೊಟ್ಟರು. ಆಮೇಲೆ ಅವರ ಜತೆಗೇ ಆಡಿದರು. ಬೂಟಿಲ್ಲದ ಕಾಲಲ್ಲಿ.

ಒಂದು ಸಣ್ಣ ಹೋಟೆಲಲ್ಲಿ ಇಡ್ಲಿ ತಿಂದೆವು. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಹಿರಿಯರೊಬ್ಬರ ಜತೆ ದೊಡ್ಡಪ್ಪ ಅರ್ಧ ಕನ್ನಡ, ಅರ್ಧ ತಮಿಳಲ್ಲಿ ಮಾತಿಗಿಳಿದರು. ಐದೇ ನಿಮಿಷ. ಇಬ್ಬರೂ ಯಾವುದೋ ಹಳೇ ಪಂದ್ಯದ ಗೋಲು ಆಫ್‌ಸೈಡೋ ಅಲ್ಲವೋ ಅಂತ ವಾದಕ್ಕೆ ನಿಂತರು. ಚಟ್ನಿ ಬಟ್ಟಲು ಗೋಲ್‌ಕೀಪರ್ ಆಯ್ತು, ಸಕ್ಕರೆ ಡಬ್ಬಿ ಡಿಫೆಂಡರ್ ಆಯ್ತು. ನಾನು ಫೋನ್ ತೆಗೆದು ರೆಕಾರ್ಡ್ ಒತ್ತೋ ಹೊತ್ತಿಗೆ ವಾದ ಮುಗಿದು ಇಬ್ಬರೂ ಬಿಲ್ಲಿಗಾಗಿ ಜಗಳ ಆಡ್ತಿದ್ದರು. ಆ ಐದು ನಿಮಿಷ ಹೋಯ್ತು, ಇನ್ನು ಸಿಗಲ್ಲ. ಅಲ್ಲಿಂದ ಮುಂದೆ ಫೋನಿನ ರೆಕಾರ್ಡರ್ ಆಫ್ ಮಾಡಲಿಲ್ಲ.

ಮೂರನೇ ನಿಲ್ದಾಣ: ಎಂ.ಜಿ. ರಸ್ತೆಯ ಪರೇಡ್ ಮೈದಾನ

ವಾರಕ್ಕೆ ಐದು ದಿನ ನಾನು ಇದೇ ರಸ್ತೆಯಲ್ಲಿ ಕ್ಯಾಬಲ್ಲಿ ಕೂತು ಟ್ರಾಫಿಕ್ ಬೈತೀನಿ. ಅವತ್ತು ಮೊದಲ ಸಲ ಆ ಕಡೆ ತಿರುಗಿ ನಿಂತು ನೋಡಿದೆ. ಮಾಣೆಕ್ ಷಾ ಪರೇಡ್ ಮೈದಾನ. ಅದರ ಬೇಲಿ ಪಕ್ಕ ನೆರಳಲ್ಲಿ ನಿಂತು ದೊಡ್ಡಪ್ಪ ಎರಡು ಕಥೆ ಹೇಳಿದರು.

ಒಂದು, ಬೆಂಗಳೂರು ಮುಸ್ಲಿಮ್ಸ್ ಅನ್ನೋ ತಂಡದ್ದು. ಬಾಂಬೆಯಲ್ಲಿ ರೋವರ್ಸ್ ಕಪ್ ಅಂತ 1891ರಿಂದ ನಡೆಯುತ್ತಿತ್ತು. ವರ್ಷಾ ವರ್ಷ ಗೆಲ್ಲೋದು ಬ್ರಿಟಿಷ್ ಪಲ್ಟನ್ನುಗಳೇ. 1937ರಲ್ಲಿ ಅದನ್ನು ಮೊದಲ ಬಾರಿ ಒಂದು ಭಾರತೀಯ ತಂಡ ಗೆದ್ದಿತು. ಅದು ಕಲ್ಕತ್ತಾದ್ದಲ್ಲ, ಬಾಂಬೆಯದ್ದಲ್ಲ, ಬೆಂಗಳೂರಿನದು. ಫೈನಲಲ್ಲಿ ಸೋತಿದ್ದು ಕಲ್ಕತ್ತಾ ಲೀಗನ್ನು ಸಾಲಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ, 1938ರಲ್ಲೂ ಕಪ್ಪು ಬೆಂಗಳೂರಿಗೇ ಬಂತು.

ಇನ್ನೊಂದು, 1948ರ ಲಂಡನ್ ಒಲಿಂಪಿಕ್ಸಿನದು. ಸ್ವತಂತ್ರ ಭಾರತ ಫುಟ್‌ಬಾಲಲ್ಲಿ ಆಡಿದ ಮೊದಲ ದೊಡ್ಡ ಪಂದ್ಯ, ಫ್ರಾನ್ಸ್ ಎದುರು, ಜುಲೈ 31ರಂದು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದಿದ್ದರು. ಎರಡು ಪೆನಾಲ್ಟಿ ಸಿಕ್ಕರೂ ಎರಡೂ ತಪ್ಪಿದವು. ಕೊನೆಗೆ 2-1ರಿಂದ ಸೋತೆವು. ಆದರೆ ಆ ಒಂದು ಗೋಲು ಇದೆಯಲ್ಲ, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು, ಅದನ್ನು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್.

ಅದೇ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು. ಚೆಂಡು ಅವರ ಕಾಲಿಗೆ ಸಿಕ್ಕಿದರೆ ಹಾವಾಡಿಗನ ಪುಂಗಿಗೆ ಹಾವು ಆಡಿದ ಹಾಗೆ ಅಂತ ಜನ ಅವರಿಗೆ ‘ಹಾವಾಡಿಗ’ ಅಂತಲೇ ಹೆಸರಿಟ್ಟಿದ್ದರು. ಆಮೇಲೆ ಕಲ್ಕತ್ತಾದ ಈಸ್ಟ್ ಬೆಂಗಾಲಿಗೆ ಹೋಗಿ ಅಲ್ಲಿನ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು. 1951ರ ಏಷ್ಯನ್ ಗೇಮ್ಸಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆಯಿತು. ನಮ್ಮ ಕಡೆಯ ಒಂದೇ ಒಂದು ಗೋಲು ಅಹಮದ್ ಖಾನರದು. ಆ ಸೋಲಿನ ನಂತರವೇ ನಮ್ಮಲ್ಲಿ ಬೂಟು ಹಾಕಿ ಆಡೋದು ಕಡ್ಡಾಯವಾಗಿದ್ದು.

‘ಅಹಮದ್ ಖಾನ್ ತೀರಿಕೊಂಡಿದ್ದು ಯಾವಾಗ ಗೊತ್ತಾ?’ ದೊಡ್ಡಪ್ಪ ಕೇಳಿದರು. ‘2017ರ ಆಗಸ್ಟಲ್ಲಿ. ಇದೇ ಬೆಂಗಳೂರಲ್ಲಿ.’

2017. ಆ ವರ್ಷ ನಾನು ಇದೇ ಊರಲ್ಲಿದ್ದೆ. ಮೈಗೆ ನೀಲಿ ಜೆರ್ಸಿ ಹಾಕ್ಕೊಂಡು ಅಲೆಯುತ್ತಿದ್ದೆ. ಎರಡು ಒಲಿಂಪಿಕ್ಸ್ ಆಡಿದ ಮನುಷ್ಯ ನನ್ನ ಊರಲ್ಲೇ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದಿದ್ದರೆ ಹೋಗಿ ಕೇಳ್ತಿದ್ದೆನಾ? ಗೊತ್ತಿಲ್ಲ. ಮನೆಯಲ್ಲೇ ಇದ್ದ ದೊಡ್ಡಪ್ಪನನ್ನೇ ಕೇಳದವಳು ನಾನು.

ನಾಲ್ಕನೇ ನಿಲ್ದಾಣ: ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ

ಗರುಡಾ ಮಾಲ್ ನಿಮಗೆ ಗೊತ್ತು. ಸಿನಿಮಾ ನೋಡೋಕೆ, ಶಾಪಿಂಗಿಗೆ ಹೋಗಿರ್ತೀರಿ. ಅದರ ಹತ್ತಿರ, ಅಶೋಕನಗರದಲ್ಲೇ ಇದೆ ಫುಟ್‌ಬಾಲ್ ಸ್ಟೇಡಿಯಂ. ಶುರುವಾಗಿದ್ದು 1971ರಲ್ಲಿ. ದೊಡ್ಡಪ್ಪನ ಜೀವನದ ಎಷ್ಟೋ ಸಂಜೆಗಳು ಇಲ್ಲಿನ ಕಲ್ಲು ಮೆಟ್ಟಿಲ ಮೇಲೆ ಕಳೆದಿವೆ. ಪಾಳಿ ಮುಗಿಸಿ ಬಸ್ಸು ಹಿಡಿದು ಬರೋದು, ಕಡಲೆಕಾಯಿ ಪೊಟ್ಟಣ ತಗೊಳ್ಳೋದು, ಸ್ಟಾಫರ್ಡ್ ಕಪ್ ಪಂದ್ಯ ನೋಡೋದು, ಕೊನೇ ಬಸ್ಸು ತಪ್ಪಿಸಿಕೊಳ್ಳೋದು.

‘ದೊಡ್ಡಮ್ಮ ಬೈತಿರಲಿಲ್ವಾ?’

‘ಬೈತಿದ್ಳು. ಒಂದು ಸಲ ಅವಳನ್ನೂ ಕರ್ಕೊಂಡು ಬಂದೆ. ಆಮೇಲೆ ಇಬ್ಬರೂ ಸೇರಿ ಬಸ್ ತಪ್ಪಿಸಿಕೊಂಡ್ವಿ.’ ಅಷ್ಟು ಹೇಳಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ಗೇಟು ತೆರೆದಿತ್ತು. ಒಳಗೆ ಚಿಕ್ಕ ಮಕ್ಕಳ ಆಟ ನಡೆಯುತ್ತಿತ್ತು. ಈಗ ಇಲ್ಲಿರೋದು ಕೃತಕ ಹುಲ್ಲು. ದೊಡ್ಡಪ್ಪ ಗೆರೆ ಪಕ್ಕ ಬಗ್ಗಿ ಮುಟ್ಟಿ ನೋಡಿ, ‘ಚಾಪೆ ಹಾಸಿದ್ದಾರೆ’ ಅಂದರು.

ಸಂತೋಷ್ ಟ್ರೋಫಿ ಅಂದರೆ ರಾಜ್ಯ ರಾಜ್ಯಗಳ ನಡುವಿನ ಟೂರ್ನಿ. ನಮ್ಮ ರಾಜ್ಯ ಇನ್ನೂ ಮೈಸೂರು ಅನ್ನಿಸಿಕೊಳ್ಳುತ್ತಿದ್ದಾಗ ಅದನ್ನು ನಾಲ್ಕು ಸಲ ಗೆದ್ದಿತ್ತು: 1946-47, 1952-53, 1967-68, 1968-69. ಅದಾದ ಮೇಲೆ ಬರಗಾಲ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯ್ತು. ಕರ್ನಾಟಕ ಅನ್ನೋ ಹೆಸರಲ್ಲಿ ಮಾತ್ರ ಕಪ್ಪು ಬರಲೇ ಇಲ್ಲ. ಕೊನೆಗೆ ಬಂದಿದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಐವತ್ನಾಲ್ಕು ವರ್ಷ ಆಗಿತ್ತು. ‘ಅಷ್ಟರಲ್ಲಿ ನಾನು ಕೆಲಸಕ್ಕೆ ಸೇರಿ, ಮದುವೆ ಆಗಿ, ಮಕ್ಕಳಾಗಿ, ರಿಟೈರೂ ಆಗಿದ್ದೆ’ ಅಂದರು ದೊಡ್ಡಪ್ಪ.

ಇದೇ ಸ್ಟೇಡಿಯಂ ನನ್ನ ಬಿಎಫ್‌ಸಿಯ ಮೊದಲ ಮನೆ ಕೂಡ. 2013-14ರಲ್ಲಿ ತಂಡ ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದಾಗ ನಮ್ಮ ತವರಿನ ಪಂದ್ಯಗಳು ನಡೆದದ್ದು ಇಲ್ಲೇ. ನಾನು ಫ್ಯಾನ್ ಆಗಿದ್ದು ಕಂಠೀರವಕ್ಕೆ ಹೋದ ಮೇಲೆ. ಹಾಗಾಗಿ ಅವತ್ತಿನ ತನಕ ಇಲ್ಲಿಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ನನ್ನ ತಂಡದ ತೊಟ್ಟಿಲನ್ನೂ ನನಗೆ ದೊಡ್ಡಪ್ಪನೇ ತೋರಿಸಬೇಕಾಯ್ತು.

ಐದನೇ ನಿಲ್ದಾಣ: ಆಸ್ಟಿನ್ ಟೌನ್

ಸ್ಟೇಡಿಯಂನಿಂದ ದಕ್ಷಿಣಕ್ಕೆ ಆಸ್ಟಿನ್ ಟೌನ್. ಮೊಣಕಾಲಿನ ದೆಸೆಯಿಂದ ಈ ತುಂಡು ಆಟೊದಲ್ಲಿ. ಇದರ ಇನ್ನೊಂದು ಹೆಸರು ಎಫ್. ಕಿಟೆಲ್ ನಗರ. ಹೌದು, ಕನ್ನಡ ನಿಘಂಟು ಬರೆದ ಅದೇ ಕಿಟೆಲ್. ನಿಘಂಟಿನವರ ಹೆಸರಿನ ಬಡಾವಣೆಯಲ್ಲಿ ಜನ ಮಾತಾಡೋದು ಮಾತ್ರ ಫುಟ್‌ಬಾಲ್ ಭಾಷೆ. ಗೌತಮಪುರದ ಹಾಗೆ ಇಲ್ಲೂ ಮನೆ ಮನೆಯಲ್ಲಿ ಆಟಗಾರರು.

ಮೈದಾನದಲ್ಲಿ ಹುಡುಗಿಯರ ಗುಂಪೊಂದು ಅಭ್ಯಾಸ ಮಾಡುತ್ತಿತ್ತು. ದೊಡ್ಡಪ್ಪನ ಕಾಲದಲ್ಲಿ ಇದು ಇರಲಿಲ್ಲ. ಇಲ್ಲಿ ನನಗೆ ಹೇಳೋಕೆ ಒಂದು ಸಂಗತಿ ಇತ್ತು: 2022-23ರ ಇಂಡಿಯನ್ ವಿಮೆನ್ಸ್ ಲೀಗಲ್ಲಿ ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಫೈನಲ್ ತನಕ ಹೋಗಿತ್ತು. ಸೋತಿತು, ನಿಜ. ಆದರೆ ದೇಶಕ್ಕೆ ಎರಡನೇ ಸ್ಥಾನ. ದೊಡ್ಡಪ್ಪನಿಗೆ ಇದು ಗೊತ್ತಿರಲಿಲ್ಲ. ‘ಹೌದನೇ?’ ಅಂತ ಎರಡು ಸಲ ಕೇಳಿದರು.

ಕಟ್ಟೆ ಮೇಲೆ ಕೂತು ಆ ಮಕ್ಕಳ ಆಟ ನೋಡುತ್ತಿದ್ದಾಗ ಅವರಾಗಿಯೇ ಶುರು ಮಾಡಿದರು.

‘1976ರಲ್ಲಿ ಒಂದು ಕ್ಲಬ್ಬಿನ ಟ್ರಯಲ್ಸಿಗೆ ಹೋಗಿದ್ದೆ.’

ನಾನು ತಿರುಗಿ ನೋಡಿದೆ.

‘ಊರಲ್ಲಿ ಚೆನ್ನಾಗಿ ಆಡ್ತಿದ್ದೆ ಕಣೆ. ಭತ್ತ ಕೊಯ್ದ ಮೇಲೆ ಗದ್ದೆಯೇ ನಮ್ಮ ಮೈದಾನ. ಅಡಿಕೆ ದಬ್ಬೆ ನೆಟ್ಟು ಗೋಲ್ ಪೋಸ್ಟ್ ಮಾಡ್ತಿದ್ವಿ. ಕೇರಳದಿಂದ ಬಂದು ನಮ್ಮ ಕಡೆ ನೆಲೆಸಿದ ಮನೆಗಳ ಹುಡುಗರು ಇದ್ರಲ್ಲ, ಅವರಿಂದಲೇ ನಾವು ಕಲಿತಿದ್ದು. ಚೆಂಡು ಅವರದ್ದು, ಗದ್ದೆ ನಮ್ಮದು. ಅಂಗಾಲಿಗೆ ಕೂಳೆ ಚುಚ್ಚಿ ರಕ್ತ ಬರ್ತಿತ್ತು, ಆದ್ರೂ ಓಡ್ತಿದ್ವಿ. ಇಲ್ಲಿ ಟ್ರಯಲ್ಸಿಗೆ ಬಂದ್ರೆ ಬೂಟು ಹಾಕಬೇಕು ಅಂದ್ರು. ಯಾರದ್ದೋ ಇಸ್ಕೊಂಡು ಹಾಕಿದೆ. ನನಗೆ ಚೆಂಡು ಎಲ್ಲಿದೆ ಅಂತ ಕಾಲಿಗೆ ಗೊತ್ತಾಗಬೇಕು. ಬೂಟು ಹಾಕಿದ್ರೆ ಕಾಲಿಗೆ ಕಣ್ಣು ಕಟ್ಟಿದ ಹಾಗೆ. ಹತ್ತೇ ನಿಮಿಷ. ಹೊರಗೆ ಬಂದೆ.’

‘ಮತ್ತೆ ಹೋಗಲಿಲ್ವಾ?’

‘ಇಲ್ಲ. ಬೂಟು ಅಭ್ಯಾಸ ಮಾಡಿಕೊಂಡು ಬಾ ಅಂತ ಅಲ್ಲಿದ್ದ ಒಬ್ಬರು ಹೇಳಿದ್ರು ಪಾಪ. ನನಗೇ ನಾಚಿಕೆ ಆಯ್ತು. ಆಮೇಲೆ ನೋಡೋನು ಆದೆ.’

‘ನಮಗೆ ಯಾರಿಗೂ ಹೇಳಲೇ ಇಲ್ಲ ನೀವು.’

‘ನೀವು ಯಾರೂ ಕೇಳಲಿಲ್ಲ ಮಾರಾಯ್ತಿ.’

ಬೇಜಾರಿನಿಂದ ಹೇಳಿದ್ದಲ್ಲ. ಮಳೆ ಬರಲಿಲ್ಲ ಅನ್ನೋ ಹಾಗೆ ಹೇಳಿದರು. ನನಗೆ ಮಾತ್ರ ಅದು ಇವತ್ತಿಗೂ ಚುಚ್ಚುತ್ತೆ, ಕೂಳೆ ಥರ.

ಆರನೇ ನಿಲ್ದಾಣ: ಕಂಠೀರವ

ಕೊನೆಯ ನಿಲ್ದಾಣಕ್ಕೆ ನಾನು ಗೈಡು. ಒಂದು ಕಾಲದಲ್ಲಿ ಸಂಪಂಗಿ ಕೆರೆಯಾಗಿದ್ದ ಜಾಗದಲ್ಲಿ ಇವತ್ತಿನ ಕಂಠೀರವ ಕ್ರೀಡಾಂಗಣ ಇದೆ. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಸಿದ್ಧವಾಗಿದ್ದು. ಅವತ್ತು ಪಂದ್ಯ ಇರಲಿಲ್ಲ. ಗೇಟಿನ ಹೊರಗೇ ನಿಂತು, ಅಲ್ಲಿ ವೆಸ್ಟ್ ಬ್ಲಾಕ್, ಇಲ್ಲಿ ಡ್ರಮ್ಮು ಬಾರಿಸೋರು ಅಂತ ತೋರಿಸಿದೆ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬು ನಮ್ಮದು, ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಎದುರು ಒಂದೇ ಗೋಲಿನಿಂದ ಸೋತೆವು, ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ ಅಂತೆಲ್ಲ ಹೇಳಿದೆ. ದೊಡ್ಡಪ್ಪ ಶ್ರದ್ಧೆಯಿಂದ ಕೇಳಿದರು. ಸುನಿಲ್ ಚೆಟ್ರಿ ಹೆಸರು ಅವರಿಗೂ ಗೊತ್ತಿತ್ತು.

ಆಗ ನನಗೆ ತಟ್ಟನೆ ಹೊಳೀತು. ಫೋನ್ ತೆಗೆದು ಖಾತ್ರಿ ಮಾಡಿಕೊಂಡೆ.

‘ದೊಡ್ಡಪ್ಪ, ಫೆಡರೇಷನ್ ಕಪ್ ಈಗ ಇಲ್ಲ. 2017ಕ್ಕೇ ಕೊನೆ. ಆ ಕೊನೇ ಫೈನಲ್ ಕಟಕ್‌ನಲ್ಲಿ ನಡೀತು. ಗೆದ್ದಿದ್ದು ಬಿಎಫ್‌ಸಿ, 2-0. ಸೋತಿದ್ದು ಯಾರು ಹೇಳಿ?’

‘ಯಾರು?’

‘ಮೋಹನ್ ಬಗಾನ್!’

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ರಸ್ತೆಯಲ್ಲಿ ಹೋಗೋರು ತಿರುಗಿ ನೋಡೋ ಹಾಗೆ ನಕ್ಕರು. ಮೊದಲ ಕಪ್ಪು ಅವರ ಕಾರ್ಖಾನೆಯದು, 1977. ಕೊನೆಯ ಕಪ್ಪು ನಮ್ಮದು, 2017. ನಡುವೆ ನಲವತ್ತು ವರ್ಷ. ಎರಡೂ ತುದಿಯಲ್ಲಿ ಬೆಂಗಳೂರು, ಎರಡೂ ತುದಿಯಲ್ಲಿ ಸೋತಿದ್ದು ಅದೇ ಮೋಹನ್ ಬಗಾನ್. ‘ನಿಮ್ಮ ಟೀಮು, ನಮ್ಮ ಟೀಮು’ ಅಂತ ಬೆಳಿಗ್ಗೆಯಿಂದ ಆಡಿದ ಜಗಳ ಅಲ್ಲಿಗೆ ಮುಗೀತು.

ವಾಪಸ್ ಮೆ‌ಟ್ರೊದಲ್ಲಿ ಅವರು ನಿದ್ದೆ ಹೋದರು. ನಾನು ಫೋನಿನ ಮ್ಯಾಪಲ್ಲಿ ಆರು ಚುಕ್ಕೆ ಇಟ್ಟೆ. ನಾವು ನಡೆದ ದಾರಿಯಲ್ಲಿ ರಾಮನ್ ಅವರ ಹೆಸರಿನ ಫಲಕವಾಗಲಿ, ಅಹಮದ್ ಖಾನ್ ಅವರ ಹೆಸರಿನ ಫಲಕವಾಗಲಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಸದ್ಯಕ್ಕೆ ನನ್ನ ಮ್ಯಾಪಿನ ಚುಕ್ಕೆಗಳೇ ಫಲಕ. ಅವುಗಳ ಜತೆ ನಾಲ್ಕು ಗಂಟೆಯ ದೊಡ್ಡಪ್ಪನ ದನಿ.

ಕಡಹಿನಬೈಲಿನ ಏಳನೇ ಚುಕ್ಕೆ

ದೊಡ್ಡಪ್ಪ ಊರಿಗೆ ಹೋಗಿ ಎರಡು ವಾರ ಆದ ಮೇಲೆ ವಾಟ್ಸ್‌ಆ್ಯಪಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. ಹಿಂದೆ ಜೀರುಂಡೆ ಸದ್ದು.

‘ನಾನೀಗ ತೋಟದಲ್ಲಿ ನಿಂತಿದ್ದೀನಿ. ಇದೇ ನಾವು ಆಡ್ತಿದ್ದ ಗದ್ದೆ. ಈಗ ಪೂರ್ತಿ ಅಡಿಕೆ ಹಾಕಿದ್ದಾರೆ. ಗೋಲ್ ಪೋಸ್ಟ್ ಇದ್ದಿದ್ದು ಎಲ್ಲಿ ಅಂತ ಹುಡುಕಿದೆ. ಮೇಲಿನ ದರೆಯಿಂದ ಮೂರನೇ ಸಾಲು ಇರಬೇಕು. ಆ ಕಡೆ ಗೋಲು ಹಳ್ಳದ ಪಕ್ಕ. ಚೆಂಡು ಹಳ್ಳಕ್ಕೆ ಬಿದ್ದರೆ ಹೊಡೆದವನೇ ಇಳಿದು ತರಬೇಕು ಅನ್ನೋದು ರೂಲು.’

ನಮ್ಮ ಮಲೆನಾಡಲ್ಲಿ ಬೈಲು ಅಂದರೆ ಗದ್ದೆಗಳ ಬಯಲು. ಊರಿನ ಹೆಸರಲ್ಲೇ ಅದಿದೆ. ಭತ್ತ ಕಷ್ಟ, ಆಳು ಸಿಗಲ್ಲ, ಅಡಿಕೆಗೆ ಬೆಲೆ ಇದೆ. ಹಾಗಾಗಿ ಗದ್ದೆಗಳು ಒಂದೊಂದೇ ತೋಟವಾದವು. ಅದನ್ನು ತಪ್ಪು ಅನ್ನೋಕೆ ನನಗೆ ಬಾಯಿಲ್ಲ. ಆ ಅಡಿಕೆ ದುಡ್ಡಲ್ಲೇ ನಾನು ಇಂಜಿನಿಯರಿಂಗ್ ಓದಿದ್ದು. ಆದರೆ ಕೊಯ್ಲು ಮುಗಿದ ಮೇಲೆ ಮೂರು ತಿಂಗಳು ಊರ ಮಕ್ಕಳಿಗೆಲ್ಲ ಬಿಟ್ಟಿಯಾಗಿ ಸಿಗುತ್ತಿದ್ದ ಒಂದು ಮೈದಾನ ಹೋಯ್ತು ಅನ್ನೋ ಲೆಕ್ಕ ಮಾತ್ರ ಯಾರೂ ಇಟ್ಟಿಲ್ಲ. ಗ್ಲಾಸ್ಗೊದವರು ರೈಲಿಗೆ ಕಳಕೊಂಡ ಮೈದಾನದ ಲೆಕ್ಕ ಇಟ್ಟಿದ್ದಾರೆ. ಅಷ್ಟೇ ವ್ಯತ್ಯಾಸ.

ಮೊನ್ನೆ ಇನ್ನೊಂದು ಮೆಸೇಜ್ ಬಂತು. ಪಕ್ಕದ ಮನೆಯ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಅವರ ಜತೆ ತೋಟಕ್ಕೆ ಬಂದಿದ್ದರಂತೆ. ಗೋಲ್ ಪೋಸ್ಟ್ ಇದ್ದ ಜಾಗ ತೋರಿಸಿದ್ದಕ್ಕೆ ಆ ಹುಡುಗಿ ಕೇಳಿದಳಂತೆ: ‘ಹಾಗಾದ್ರೆ ನಾವೀಗ ಎಲ್ಲಿ ಆಡೋದು ಅಜ್ಜ?’

‘ನಾನೇನು ಹೇಳ್ಲಿ? ನಾಳೆ ಶಾಲೆ ಹತ್ರ ಹೋಗಿ ಕೇಳಿ ನೋಡ್ತೀನಿ ಅಂದೆ. ನೀನು ಬರುವಾಗ ಒಂದು ಚೆಂಡು ತಗೊಂಡು ಬಾ. ಒಳ್ಳೇದು ತಾ, ಪ್ಲಾಸ್ಟಿಕ್ ಬೇಡ.’

ಮ್ಯಾಪಲ್ಲಿ ಏಳನೇ ಚುಕ್ಕೆ ಇಟ್ಟಿದ್ದೀನಿ. ಮುಂದಿನ ವಾರ ಬಸ್ಸಿಗೆ ಸೀಟು ಬುಕ್ ಆಗಿದೆ.

ನೀವೂ ನಡೆಯೋದಾದರೆ

- ಬೆಳಿಗ್ಗೆ ಏಳೂವರೆಗೆ ಹಲಸೂರು ಮೆಟ್ರೊದಲ್ಲಿ ಇಳಿಯಿರಿ. ಗೌತಮಪುರ, ಎಂ.ಜಿ. ರಸ್ತೆ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ, ಆಸ್ಟಿನ್ ಟೌನ್ ಈ ಸರದಿಯಲ್ಲಿ ಹೋದರೆ ಸುತ್ತು ಬಳಸು ಇರಲ್ಲ. ಅರ್ಧ ದಿನ ಸಾಕು. ಕಂಠೀರವವನ್ನು ಪಂದ್ಯ ಇರೋ ಸಂಜೆಗೆ ಇಟ್ಟುಕೊಂಡರೆ ಇನ್ನೂ ಚೆಂದ.

- ಗೌತಮಪುರ ಜನ ಬದುಕೋ ಬೀದಿ, ಪ್ರದರ್ಶನ ಅಲ್ಲ. ಮನೆ ಬಾಗಿಲ ಫೋಟೊ ತೆಗೆಯೋ ಮೊದಲು ಕೇಳಿ. ಅಲ್ಲೇ ತಿಂಡಿ ತಿನ್ನಿ.

- ವಯಸ್ಸಾದವರು ಜತೆಗಿದ್ದರೆ ಮಧ್ಯೆ ಆಟೊ ಹಿಡಿಯಿರಿ. ಪೂರ್ತಿ ನಡೆಯಲೇಬೇಕು ಅನ್ನೋ ಹಟ ಬೇಡ.

- ಕೂತ ತಕ್ಷಣ ರೆಕಾರ್ಡರ್ ಒತ್ತಿ, ಕೇಳಿಯೇ ಒತ್ತಿ. ‘ನಿಮ್ಮ ಕಾಲದಲ್ಲಿ ಹೇಗಿತ್ತು’ ಅಂತ ಕೇಳಿದರೆ ‘ಚೆನ್ನಾಗಿತ್ತು’ ಅಂದು ಮುಗಿಸಿಬಿಡ್ತಾರೆ. ‘ಗೋಲ್ ಪೋಸ್ಟ್ ಯಾವುದರಲ್ಲಿ ಮಾಡ್ತಿದ್ರಿ?’ ಅಂತ ಕೇಳಿ. ಆಮೇಲೆ ಮಾತು ನಿಲ್ಲಲ್ಲ.

- ಬೆಂಗಳೂರೇ ಆಗಬೇಕಿಲ್ಲ, ಫುಟ್‌ಬಾಲೇ ಆಗಬೇಕಿಲ್ಲ. ನಿಮ್ಮೂರಿನ ಕಬಡ್ಡಿ, ವಾಲಿಬಾಲ್ ತಂಡ ಆಡಿದ ಜಾಗ ಇವತ್ತು ಏನಾಗಿದೆ? ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನು ಅಲ್ಲಿಗೆ ಕರ್ಕೊಂಡು ಹೋಗಿ. ಅಲ್ಲಿ ಕಂಡದ್ದು, ಕೇಳಿದ್ದು ನಮ್ಮ ಓದುಗರ ಅಂಕಣಕ್ಕೆ ಬರೆದು ಕಳಿಸಿ. ನನ್ನ ದೊಡ್ಡಪ್ಪ ಈಗ ಫೋನಲ್ಲೇ ಪತ್ರಿಕೆ ಓದೋದು ಕಲಿತಿದ್ದಾರೆ. ಖಂಡಿತ ಓದ್ತಾರೆ.